ಮರವನ್ನು ಓದಿ, ಗೆರೆಯನ್ನು ಪ್ರಶ್ನಿಸಿ: ನೆಕ್ಸ್ಟ್‌ಸ್ಟ್ರೇನ್ ತಾಣದ ವಿಮರ್ಶೆ

ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ನಾನು ಕೋವಿಡ್ ಬಂದ ವರ್ಷದಿಂದ ಇಂದಿನವರೆಗೆ ಪ್ರತಿ ಸೆಮಿಸ್ಟರ್‌ನಲ್ಲೂ ತರಗತಿಯ ಪರದೆಯ ಮೇಲೆ ತೆರೆಯುತ್ತ ಬಂದಿರುವ ಉಚಿತ ಜಾಲತಾಣವೊಂದರ ವಿಮರ್ಶೆ ಇದು. ತಾಣದ ಹೆಸರು ನೆಕ್ಸ್ಟ್‌ಸ್ಟ್ರೇನ್. ಬೇರೆ ಬೇರೆ ರೋಗಿಗಳಿಂದ ದೊರೆತ ವೈರಸ್‌ಗಳ ಜೀನೋಮ್‌ಗಳನ್ನು, ಅಂದರೆ ಅವುಗಳ ಪೂರ್ತಿ ಆನುವಂಶಿಕ ಬರಹಗಳನ್ನು, ಒಂದರ ಪಕ್ಕ ಒಂದಿಟ್ಟು, ಅವುಗಳಲ್ಲಿ ಆಗಿರುವ ರೂಪಾಂತರಗಳ ಆಧಾರದ ಮೇಲೆ ವಂಶವೃಕ್ಷ ಕಟ್ಟಿ, ಸೋಂಕು ಯಾವಾಗ ಎಲ್ಲಿಂದ ಎಲ್ಲಿಗೆ ಹರಡಿರಬಹುದು ಎಂಬುದನ್ನು ತೋರಿಸುವುದು ಅದರ ಕೆಲಸ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಾಣ ಬಿಡಿಸುವ ಮರವು ಸಾಮಾನ್ಯ ಓದುಗರ ಕೈಗೆ ಸಿಗುವ ವೈಜ್ಞಾನಿಕ ಸಾಧನಗಳಲ್ಲಿ ಬಹಳ ಪ್ರಾಮಾಣಿಕವಾದದ್ದು. ಆದರೆ ಆ ಮರದ ಪಕ್ಕದಲ್ಲೇ ಇರುವ ನಕ್ಷೆಯನ್ನು ಅಷ್ಟೇ ವಿಶ್ವಾಸದಿಂದ ಓದಿದರೆ ದಾರಿ ತಪ್ಪುತ್ತೇವೆ.

ಇದರ ಹಿಂದಿನ ತರ್ಕ ಕನ್ನಡ ವಿದ್ವತ್ತಿಗೆ ಹೊಸದಲ್ಲ. ಹಳೆಗನ್ನಡ ಕಾವ್ಯವೊಂದನ್ನು ಸಂಪಾದಿಸುವವರು ಬೇರೆ ಬೇರೆ ಮಠಗಳಿಂದ, ಮನೆತನಗಳಿಂದ ಓಲೆಗರಿಯ ಪ್ರತಿಗಳನ್ನು ತರಿಸಿಕೊಂಡು ಪಾಠಾಂತರಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಲಿಪಿಕಾರನೊಬ್ಬ ಒಂದು ಅಕ್ಷರ ತಪ್ಪಿ ಬರೆದರೆ, ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲೂ ಆ ತಪ್ಪು ಮುಂದುವರಿಯುತ್ತದೆ. ಆದ್ದರಿಂದ ಒಂದೇ ಸ್ಖಾಲಿತ್ಯವನ್ನು ಹಂಚಿಕೊಂಡ ಎರಡು ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದು ಬಂದಿರುವ ಸಂಭವ ಹೆಚ್ಚು. ವೈರಸ್ಸಿನ ಜೀನೋಮ್ ಕೂಡ ಹೀಗೆ ಪ್ರತಿಯಿಂದ ಪ್ರತಿಗೆ ದಾಟುವ ಬರಹವೇ. ವುಹಾನ್‌ನ ರೋಗಿಯೊಬ್ಬರಿಂದ ದೊರೆತ ವೈರಸ್ಸಿನ ಜೀನೋಮನ್ನು ಶಾಂಘೈನ ವಿಜ್ಞಾನಿ ಜಾಂಗ್ ಯೋಂಗ್‌ಜೆನ್ ಅವರ ತಂಡ ಓದಿ, ಸಿಡ್ನಿಯ ಎಡ್ವರ್ಡ್ ಹೋಮ್ಸ್ ಅವರ ಮೂಲಕ 2020ರ ಜನವರಿ 10-11ರ ಹೊತ್ತಿಗೆ ಜಗತ್ತಿನ ಮುಂದಿಟ್ಟಿತು. ಇಂದು ಆಕರಪ್ರತಿಯಾಗಿ ಬಳಸುವ ಅದರ ಪರಿಷ್ಕೃತ ರೂಪದಲ್ಲಿ 29,903 ಅಕ್ಷರಗಳು, ಅಂದರೆ ಸಾಲಾಗಿ ಪೋಣಿಸಿದ ರಾಸಾಯನಿಕ ಘಟಕಗಳು, ಇವೆ. ಪ್ರತಿ ಮಾಡಿಕೊಳ್ಳುವಾಗ ಆಗುವ ತಪ್ಪುಗಳನ್ನು ತಿದ್ದುವ ಕಿಣ್ವವೊಂದು ಕೊರೊನಾ ವೈರಸ್‌ಗಳಲ್ಲಿ ಇರುವುದರಿಂದ ಇದರ ಬರಹ ನಿಧಾನವಾಗಿ ಬದಲಾಗುತ್ತದೆ: ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಒಂದು ಸೋಂಕಿನ ಸರಪಳಿಯಲ್ಲಿ ತಿಂಗಳಿಗೆ ಸುಮಾರು ಎರಡು ಅಕ್ಷರಗಳು ಮಾತ್ರ ಬದಲಾಗುತ್ತಿದ್ದವು. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ದಾಟಲು ಕೆಲವೇ ದಿನಗಳು ಸಾಕಾಗಿದ್ದ ಕಾರಣ, ಅನೇಕ ಸಲ ಸೋಂಕು ಕೊಟ್ಟವರಲ್ಲೂ ಪಡೆದವರಲ್ಲೂ ಒಂದಕ್ಷರವೂ ಬೇರೆಯಾಗದ ಪ್ರತಿಯೇ ಇರುತ್ತಿತ್ತು. ಈ ತಾಣದ ಶಕ್ತಿಯೂ ಮಿತಿಯೂ ಈ ಒಂದು ಸಂಗತಿಯಲ್ಲಿ ಅಡಗಿವೆ.

ಸಿಯಾಟಲ್‌ನ ಫ್ರೆಡ್ ಹಚ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಟ್ರೆವರ್ ಬೆಡ್‌ಫರ್ಡ್ ಮತ್ತು ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ ಸೇರಿದ ರಿಚರ್ಡ್ ನೆಹರ್ ಈ ಯೋಜನೆಯನ್ನು 2015ರಲ್ಲಿ ಶೀತಜ್ವರದ (ಫ್ಲೂ) ವೈರಸ್‌ಗಾಗಿ ಆರಂಭಿಸಿದರು. ಅದು ಬೆಳೆದು ಎಬೋಲಾ, ಝೀಕಾ ಮುಂತಾದವನ್ನೂ ಒಳಗೊಂಡು 2017ರಲ್ಲಿ ಮುಕ್ತ ವಿಜ್ಞಾನದ ಅಂತರರಾಷ್ಟ್ರೀಯ ಬಹುಮಾನವೊಂದನ್ನು ಪಡೆಯಿತು. ಜೀನೋಮ್‌ಗಳನ್ನು ಹೋಲಿಸಿ ಮರ ಕಟ್ಟುವ ಹಿನ್ನೆಲೆಯ ತಂತ್ರಾಂಶಕ್ಕೆ ಆಗರ್ ಎಂದೂ, ಅದನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶಕ್ಕೆ ಆಸ್ಪಿಸ್ ಎಂದೂ ಹೆಸರಿಟ್ಟಿದ್ದಾರೆ. ಎರಡೂ ಪ್ರಾಚೀನ ರೋಮನರು ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುತ್ತಿದ್ದ ವಿದ್ಯೆಗೆ ಸಂಬಂಧಿಸಿದ ಪದಗಳು; ಹಾಲಕ್ಕಿಯ ನುಡಿಗೆ ಕಿವಿಗೊಡುವ ನಮ್ಮ ಊರುಗಳ ಮಕ್ಕಳಿಗೆ ಈ ಹೆಸರುಗಳನ್ನು ವಿವರಿಸುವುದು ಕಷ್ಟವಾಗುವುದಿಲ್ಲ. ಇವೆರಡರ ಮೂಲ ಸಂಕೇತವೂ (ಸೋರ್ಸ್ ಕೋಡ್) ಮುಕ್ತವಾಗಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಮ್ಮ ದತ್ತಾಂಶಕ್ಕೆ ಅನ್ವಯಿಸಬಹುದು, ಮರ ಹೇಗೆ ಕಟ್ಟಲಾಯಿತು ಎಂದು ಪರೀಕ್ಷಿಸಬಹುದು.

ಪುಟ ತೆರೆದಾಗ ಮೂರು ಭಾಗಗಳು ಕಾಣುತ್ತವೆ: ಮರ, ನಕ್ಷೆ, ಮತ್ತು ಜೀನೋಮಿನ ಯಾವ ಸ್ಥಾನದಲ್ಲಿ ಎಷ್ಟು ವೈವಿಧ್ಯ ಇದೆ ಎಂದು ತೋರಿಸುವ ಕೆಳಗಿನ ಪಟ್ಟಿ. ಮರದಲ್ಲಿ ಪ್ರತಿಯೊಂದು ಚುಕ್ಕೆಯೂ ಒಬ್ಬ ರೋಗಿಯಿಂದ ದೊರೆತ ಒಂದು ಜೀನೋಮ್. ಕೊಂಬೆಯ ಮೇಲೆ ಮೌಸ್ ಇರಿಸಿದರೆ ಆ ಕೊಂಬೆಯಲ್ಲಿ ಯಾವ ಸ್ಥಾನದ ಯಾವ ಅಕ್ಷರ ಯಾವುದಾಗಿ ಬದಲಾಯಿತು ಎಂಬುದೂ, ಕವಲೊಡೆದ ಅಂದಾಜು ದಿನಾಂಕವೂ, ಆ ಅಂದಾಜಿನ ಎರಡು ತುದಿಗಳೂ ಕಾಣಿಸುತ್ತವೆ. ಈ ಕೊನೆಯ ಅಂಶವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ದಿನಾಂಕವೊಂದನ್ನೇ ಕೊಟ್ಟು ಸುಮ್ಮನಾಗದೆ, ಅದು ಎಷ್ಟು ಹಿಂದೆ ಮುಂದೆ ಸರಿಯಬಹುದು ಎಂಬುದನ್ನೂ ಜೊತೆಯಲ್ಲೇ ಹೇಳುವ ಶಿಸ್ತು ಪತ್ರಿಕೆಗಳ ಚಿತ್ರಗಳಲ್ಲಿ ಅಪರೂಪ.

ಎಡಬದಿಯ ಆಯ್ಕೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಕೊಂಬೆಯ ಉದ್ದವನ್ನು ಕಾಲದಿಂದ ಅಳೆಯಬೇಕೋ ರೂಪಾಂತರಗಳ ಸಂಖ್ಯೆಯಿಂದ ಅಳೆಯಬೇಕೋ ಎಂಬ ಆಯ್ಕೆ. ಕಾಲದ ಮರದಲ್ಲಿ ಎಲ್ಲವೂ ನಯವಾಗಿ ಎಡದಿಂದ ಬಲಕ್ಕೆ ಹರಡಿಕೊಂಡಂತೆ ಕಾಣುತ್ತದೆ. ರೂಪಾಂತರಗಳ ಮರಕ್ಕೆ ಬದಲಾಯಿಸಿದ ಕೂಡಲೇ ಹತ್ತಾರು ಚುಕ್ಕೆಗಳು ಒಂದೇ ಲಂಬರೇಖೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ಏಕೆಂದರೆ ಅವುಗಳ ನಡುವೆ ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ. ಕಾಲದ ಮರ ಒಂದು ಅಂದಾಜು, ರೂಪಾಂತರಗಳ ಮರ ಸಾಕ್ಷ್ಯಕ್ಕೆ ಹೆಚ್ಚು ಹತ್ತಿರ. ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಎರಡನೆಯದನ್ನು ಮೊದಲು ತೋರಿಸುತ್ತೇನೆ. ಬಣ್ಣ ಹಚ್ಚುವ ಆಯ್ಕೆಯೂ ಹೀಗೆಯೇ ಕೆಲಸಕ್ಕೆ ಬರುತ್ತದೆ. ವೈರಸ್ಸಿನ ಮೈಮೇಲಿನ ಮುಳ್ಳು (ಸ್ಪೈಕ್) ಪ್ರೋಟೀನನ್ನು ಆರಿಸಿ 614 ಎಂದು ಬರೆದರೆ, ಆ ಪ್ರೋಟೀನಿನ 614ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೋ ಆಮ್ಲ ಇರುವ ಕವಲುಗಳು ಒಂದು ಬಣ್ಣಕ್ಕೂ ಗ್ಲೈಸಿನ್ ಇರುವವು ಇನ್ನೊಂದು ಬಣ್ಣಕ್ಕೂ ತಿರುಗುತ್ತವೆ. ಜೀನೋಮಿನ 23,403ನೆಯ ಸ್ಥಾನದ ಒಂದೇ ಅಕ್ಷರ ಬದಲಾದದ್ದರಿಂದ ಹುಟ್ಟಿದ ಆ ಎರಡನೆಯ ಬಣ್ಣವು 2020ರ ಆರಂಭದಲ್ಲಿ ಒಂದು ಸಣ್ಣ ಎಳೆಯಾಗಿದ್ದು, ವರ್ಷದ ನಡುವಿನ ಹೊತ್ತಿಗೆ ಮರದ ಬಹುಭಾಗವನ್ನು ಆವರಿಸುವುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ತೋರಿಸಲಾರದು.

ಈ ಸೇವೆಯ ನಿಜವಾದ ಪರೀಕ್ಷೆ ನಡೆದದ್ದು ಅದರ ಸ್ವಂತ ಊರಿನಲ್ಲೇ. ವುಹಾನ್‌ನಿಂದ 2020ರ ಜನವರಿ 15ರಂದು ಮರಳಿದ ಪ್ರಯಾಣಿಕರೊಬ್ಬರಲ್ಲಿ, ಸಿಯಾಟಲ್‌ನ ಉತ್ತರಕ್ಕಿರುವ ಸ್ನೊಹೋಮಿಶ್ ಕೌಂಟಿಯಲ್ಲಿ, ಅಮೆರಿಕದ ಮೊದಲ ಕೋವಿಡ್ ಪ್ರಕರಣ ದೃಢಪಟ್ಟಿತು. ಅವರ ವೈರಸ್ಸಿನ ಜೀನೋಮ್ ಡಬ್ಲ್ಯೂಎ1 ಎಂಬ ಹೆಸರಿನಲ್ಲಿ ಮರವನ್ನು ಸೇರಿತು. ಆಮೇಲೆ ಐದಾರು ವಾರ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಸ್ಥಳೀಯ ಹರಡುವಿಕೆ ಪತ್ತೆಯಾಗಲಿಲ್ಲ. ಹೊರದೇಶದ ಪ್ರಯಾಣವೋ ಸೋಂಕಿತರ ಸಂಪರ್ಕವೋ ಇಲ್ಲದವರನ್ನು ಆಗ ಅಲ್ಲಿ ಪರೀಕ್ಷಿಸುತ್ತಲೇ ಇರಲಿಲ್ಲ. ಶೀತಜ್ವರದ ಅಧ್ಯಯನಕ್ಕೆಂದು ಮಾದರಿಗಳನ್ನು ಸಂಗ್ರಹಿಸುತ್ತಿದ್ದ ಸಿಯಾಟಲ್ ಫ್ಲೂ ಸ್ಟಡಿ ಎಂಬ ಯೋಜನೆಯವರು ತಮ್ಮಲ್ಲಿದ್ದ ಮಾದರಿಗಳಲ್ಲಿ ಕೊರೊನಾ ವೈರಸ್ಸನ್ನೂ ಹುಡುಕಿದಾಗ, ಪ್ರಯಾಣದ ಹಿನ್ನೆಲೆಯೇ ಇಲ್ಲದ ಹದಿಹರೆಯದ ಒಬ್ಬರಲ್ಲಿ ಅದು ಸಿಕ್ಕಿತು. ಫೆಬ್ರವರಿ 29ರಂದು ಆ ಜೀನೋಮ್ ಡಬ್ಲ್ಯೂಎ2 ಎಂದು ಮರದಲ್ಲಿ ಕಾಣಿಸಿಕೊಂಡಿತು. ಮೊದಲ ಪ್ರಕರಣದಲ್ಲಿದ್ದ, ಚೀನಾದ ಜೀನೋಮ್‌ಗಳಲ್ಲಿ ವಿರಳವಾಗಿದ್ದ 18,060ನೆಯ ಸ್ಥಾನದ ಬದಲಾವಣೆ ಇದರಲ್ಲೂ ಇತ್ತು. ಅದರ ಮೇಲೆ 17,747 ಮತ್ತು 17,858ನೆಯ ಸ್ಥಾನಗಳಲ್ಲಿ ಎರಡು ಹೊಸ ಬದಲಾವಣೆಗಳು ಸೇರಿದ್ದವು. ಬೆಡ್‌ಫರ್ಡ್ ಅದೇ ದಿನ ತಮ್ಮ ಓದನ್ನು ಸಾರ್ವಜನಿಕವಾಗಿ ಮುಂದಿಟ್ಟರು: ಇದು ಬಹುಶಃ ಮೊದಲ ಪ್ರಕರಣದಿಂದಲೇ ಇಳಿದು ಬಂದ ಸರಪಳಿ, ಹಾಗಾದರೆ ವೈರಸ್ ಸುಮಾರು ಆರು ವಾರಗಳಿಂದ ಯಾರ ಕಣ್ಣಿಗೂ ಬೀಳದೆ ಹರಡುತ್ತಿದೆ, ನೂರಾರು ಮಂದಿಗೆ ಈಗಾಗಲೇ ತಗುಲಿರಬಹುದು.

ಎರಡು ಅಕ್ಷರಗಳ ವ್ಯತ್ಯಾಸದಿಂದ ಒಂದು ಮಹಾನಗರದ ಸ್ಥಿತಿಯನ್ನು ಊಹಿಸಿದ ಆ ದಿನವನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾನು ಈ ತಾಣವನ್ನು ನಂಬುವುದು ಮುಂದೆ ನಡೆದದ್ದರಿಂದ. ಆರಿಜೋನಾ ವಿಶ್ವವಿದ್ಯಾಲಯದ ಮೈಕೆಲ್ ವೊರೊಬಿ ಮತ್ತು ಸಂಗಡಿಗರು ಅದೇ ಜೀನೋಮ್‌ಗಳನ್ನು ಎತ್ತಿಕೊಂಡು ಗ್ರಂಥಸಂಪಾದಕರು ಕೇಳುವಂಥ ಪ್ರಶ್ನೆಯನ್ನೇ ಕೇಳಿದರು: ಇದು ಮಾತೃಕೆ, ಅದು ಅದರ ಪ್ರತಿ ಎನ್ನುವುದಾದರೆ ನಡುವಿನ ಪ್ರತಿಗಳು ಎಲ್ಲಿ? ಮೊದಲ ರೋಗಿಯಿಂದಲೇ ಸೋಂಕು ಹರಡಿದ್ದರೆ, ಅವರದನ್ನೇ ಹೋಲುವ ಜೀನೋಮ್‌ಗಳು, ಎರಡು ಹೊಸ ಬದಲಾವಣೆಗಳಲ್ಲಿ ಒಂದನ್ನು ಮಾತ್ರ ಹೊತ್ತ ಜೀನೋಮ್‌ಗಳು ಒಂದಷ್ಟಾದರೂ ಆ ರಾಜ್ಯದಲ್ಲಿ ಸಿಗಬೇಕಿತ್ತು. ಸಿಕ್ಕವುಗಳಲ್ಲಿ ಎರಡೂ ಬದಲಾವಣೆಗಳು ಒಟ್ಟಿಗೇ ಇದ್ದವು. ಗಣಕದಲ್ಲಿ ಆ ಸಾಂಕ್ರಾಮಿಕವನ್ನು ಮತ್ತೆ ಮತ್ತೆ ನಡೆಸಿ ನೋಡಿದಾಗ, ಮೊದಲ ರೋಗಿಯಿಂದ ಆರಂಭಿಸಿದರೆ ಇಂಥ ಮರ ಬರುವುದು ತೀರಾ ಅಪರೂಪ ಎಂದು ಕಂಡುಬಂತು. ಆ ಕವಲು ಚೀನಾದಿಂದ ಫೆಬ್ರವರಿಯಲ್ಲಿ ಪ್ರತ್ಯೇಕವಾಗಿ ಬಂದಿರಬೇಕು ಎಂಬ ಅವರ ಪ್ರಬಂಧ ಸೈನ್ಸ್ ಪತ್ರಿಕೆಯಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಬೆಡ್‌ಫರ್ಡ್ ಅವರ ತಂಡವೂ ಫೆಬ್ರವರಿ 20ರಿಂದ ಮಾರ್ಚ್ 15ರವರೆಗಿನ 453 ಜೀನೋಮ್‌ಗಳನ್ನು ವಿಶ್ಲೇಷಿಸಿ, ಅವುಗಳಲ್ಲಿ ಬಹುಪಾಲು ಜನವರಿ ಕೊನೆಯ ಅಥವಾ ಫೆಬ್ರವರಿ ಆರಂಭದ ಒಂದೇ ಪ್ರವೇಶದಿಂದ ಬಂದವು ಎಂದು ಬರೆಯಿತು.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ನೋಡಬೇಕು. ವೈರಸ್ ಸದ್ದಿಲ್ಲದೆ ವಾರಗಟ್ಟಲೆ ಸಮುದಾಯದಲ್ಲಿ ಹರಡಿದೆ ಎಂಬ ಮೊದಲ ಮಾತು ನಿಂತಿತು, ಅದು ಜೀವಗಳನ್ನು ಉಳಿಸುವ ಎಚ್ಚರಿಕೆಯೂ ಆಗಿತ್ತು. ಇಂಥವರಿಂದ ಹರಡಿತು ಎಂಬ ಎರಡನೆಯ ಮಾತು ನಿಲ್ಲಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ ಜನವರಿಯ ಕೊನೆಯಲ್ಲಿ ಕಂಡ ಸಣ್ಣ ಸೋಂಕಿನ ಗುಂಪೇ ಇಟಲಿಯ ದುರಂತಕ್ಕೆ ಮೂಲವೆಂಬ ಊಹೆಗೂ ಹೀಗೆಯೇ ಆಯಿತು. ಬವೇರಿಯಾದ ಜೀನೋಮ್ ಮರದಲ್ಲಿ ಇಟಲಿಯ ಕವಲಿನ ಬುಡದ ಸಮೀಪ ಕುಳಿತಿದ್ದುದು ನಿಜ. ಆದರೆ ಎರಡೂ ಕಣ್ಣಿಗೆ ಬೀಳದ ಮೂರನೆಯ ಮೂಲವೊಂದರಿಂದ ಬಂದಿರುವ ಸಾಧ್ಯತೆಯನ್ನು ಮರ ತಳ್ಳಿಹಾಕುತ್ತಿರಲಿಲ್ಲ, ಮತ್ತು ವೊರೊಬಿ ತಂಡದ ವಿಶ್ಲೇಷಣೆ ಆ ಕಡೆಗೇ ವಾಲಿತು. ಜರ್ಮನರು ತಮ್ಮ ಮೊದಲ ಗುಂಪನ್ನು ಸಂಪರ್ಕ ಪತ್ತೆಯಿಂದಲೇ ತಡೆದಿದ್ದರು ಎಂಬ ಮೆಚ್ಚುಗೆ ಆಮೇಲಷ್ಟೇ ಅವರಿಗೆ ದಕ್ಕಿತು. ಒಂದು ಊರಿನ ಮೇಲೆ ಹೊರಿಸಿದ ಆರೋಪ ಎಷ್ಟು ಹಗುರವಾದ ಸಾಕ್ಷ್ಯದ ಮೇಲೆ ನಿಂತಿತ್ತು ಎಂಬುದನ್ನು ಗಮನಿಸಬೇಕು.

ಹಾಗೆಂದು ಮರದ ಬಲವನ್ನು ಕಡಿಮೆ ಅಂದಾಜು ಮಾಡಬಾರದು. 2020ರ ಫೆಬ್ರವರಿ-ಮಾರ್ಚ್‌ನಲ್ಲಿ ಇರಾನ್‌ನಲ್ಲಿ ದೊಡ್ಡ ಪ್ರಮಾಣದ ಸೋಂಕಿದ್ದರೂ ಅಲ್ಲಿಂದ ಜೀನೋಮ್‌ಗಳು ಹೊರಬರುತ್ತಿರಲಿಲ್ಲ. ಆದರೆ ಇರಾನ್‌ನಿಂದ ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಮರಳಿದ ಪ್ರಯಾಣಿಕರ ಜೀನೋಮ್‌ಗಳು ಒಂದೇ ಬಗೆಯ ಬದಲಾವಣೆಗಳನ್ನು ಹೊತ್ತು ಮರದ ಒಂದೇ ಕವಲಿನಲ್ಲಿ ಗುಂಪುಗೂಡಿದವು. ಮಾತೃಕೆ ಕಳೆದುಹೋಗಿದ್ದರೂ ಅದರಿಂದ ಇಳಿದ ಪ್ರತಿಗಳನ್ನು ಜೋಡಿಸಿ ಮೂಲಪಾಠವನ್ನು ಪುನಾರಚಿಸುವಂತೆ, ಇರಾನ್‌ನಲ್ಲಿ ಹರಡುತ್ತಿದ್ದ ವೈರಸ್ಸಿನ ಚಹರೆಯನ್ನು ಆ ದೇಶದ ಹೊರಗಿದ್ದವರು ಓದಿದರು. ಮುಂದೆ ಪ್ಯಾಂಗೊ ಎಂಬ ವರ್ಗೀಕರಣದಲ್ಲಿ ಆ ಕವಲಿಗೆ ಬಿ.4 ಎಂಬ ಹೆಸರು ಬಂತು.

ಅದೇ ಬಿ.4 ನಮ್ಮ ರಾಜ್ಯದಲ್ಲೂ ಕಾಣಿಸಿಕೊಂಡಿತ್ತು. ಕರ್ನಾಟಕದ ಮೊದಲ ಪ್ರಕರಣ 2020ರ ಮಾರ್ಚ್ 8ರಂದು ವರದಿಯಾಯಿತು. ಆಗಿನಿಂದ ಮೇ 21ರವರೆಗಿನ ಅವಧಿಯಲ್ಲಿ ರಾಜ್ಯದಲ್ಲಿ ದಾಖಲಾದ 1,578 ಪ್ರಕರಣಗಳ ಪೈಕಿ 91ರ ಜೀನೋಮ್‌ಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಓದಿ, ಆರೋಗ್ಯ ಇಲಾಖೆಯ ಸಂಪರ್ಕ ಪತ್ತೆಯ ದಾಖಲೆಗಳ ಜೊತೆ ಹೋಲಿಸಿದರು. ಏಳು ಕವಲುಗಳು ಸಿಕ್ಕವು: ಚೀನಾ, ಆಗ್ನೇಯ ಏಷ್ಯಾ, ಇರಾನ್, ಯುರೋಪ್ ಮತ್ತು ಭಾರತದ ಇತರ ಭಾಗಗಳಲ್ಲಿ ಕಂಡಿದ್ದಂಥವು. ಸಂಪರ್ಕದ ಆಧಾರದ ಮೇಲೆ ಗುರುತಿಸಿದ 17 ಗುಂಪುಗಳಲ್ಲಿ 14 ಗುಂಪುಗಳು ತಲಾ ಒಂದೇ ಕವಲಿಗೆ ಸೇರಿದ್ದವು. ಅಂದರೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಫೋನ್ ಮಾಡಿ, ಯಾರು ಯಾರನ್ನು ಭೇಟಿಯಾದರು ಎಂದು ಕೇಳಿ ಬರೆದುಕೊಂಡದ್ದನ್ನು ವೈರಸ್ಸಿನ ಅಕ್ಷರಗಳು ಬಹುಮಟ್ಟಿಗೆ ಸಮರ್ಥಿಸಿದವು. ಇನ್ನೊಂದು ಸಂಗತಿ ಕಳವಳದ್ದು: 91ರಲ್ಲಿ 47 ಜೀನೋಮ್‌ಗಳು ಬಿ.6 ಎಂಬ ಒಂದೇ ಕವಲಿನವು, ಮತ್ತು ಸಂಪರ್ಕವೇ ತಿಳಿಯದ 24 ಪ್ರಕರಣಗಳಲ್ಲಿ 11 ಅದಕ್ಕೇ ಸೇರಿದ್ದವು. ಆ ಕವಲು ದಾಖಲೆಗಳ ಆಚೆ, ಊರುಗಳ ನಡುವೆ ಹರಡುತ್ತಿತ್ತು. ಜೀನೋಮ್ ಮತ್ತು ಸಂಪರ್ಕ ಪತ್ತೆ ಕೈಜೋಡಿಸಿದಾಗ ಏನು ಸಾಧ್ಯ ಎಂಬುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನೆಕ್ಸ್ಟ್‌ಸ್ಟ್ರೇನ್ ಒಂದರಿಂದಲೇ ಇದನ್ನು ಕಾಣಲಾಗದು, ಏಕೆಂದರೆ ಯಾರು ಯಾರ ಮನೆಗೆ ಹೋಗಿದ್ದರು ಎಂಬುದು ಮರದಲ್ಲಿ ಇರುವುದಿಲ್ಲ.

ಈಗ ನಕ್ಷೆಯ ವಿಷಯ. ಒಂದು ಗುಂಡಿ ಒತ್ತಿದರೆ ದೇಶದಿಂದ ದೇಶಕ್ಕೆ ಬಣ್ಣದ ಗೆರೆಗಳು ಹರಿಯುತ್ತವೆ. ತರಗತಿಯಲ್ಲಿ ಇದನ್ನು ತೋರಿಸಿದಾಗಲೆಲ್ಲ ಮಕ್ಕಳು ಇವು ವಿಮಾನಗಳ ದಾರಿಗಳೆಂದೇ ತಿಳಿಯುತ್ತಾರೆ. ಅವು ಹಾಗಲ್ಲ. ಮರದ ಕವಲೊಂದರ ಪೂರ್ವಜ ಯಾವ ದೇಶದಲ್ಲಿ ಇದ್ದಿರಬಹುದು ಎಂದು ಅದರ ತುದಿಯ ಚುಕ್ಕೆಗಳ ವಿಳಾಸಗಳಿಂದ ಗಣಕವು ಊಹಿಸಿ, ಎರಡು ಊಹೆಗಳ ನಡುವೆ ಎಳೆದ ಗೆರೆಗಳು ಅವು. ಯಾವ ದೇಶ ಹೆಚ್ಚು ಜೀನೋಮ್‌ಗಳನ್ನು ಓದಿ ಹಂಚಿಕೊಂಡಿತೋ ಆ ದೇಶ ಮೂಲವಾಗಿ ಕಾಣುವ ಅಪಾಯ ಇಲ್ಲಿದೆ. ಬ್ರಿಟನ್, ಡೆನ್ಮಾರ್ಕ್‌ನಂಥ ದೇಶಗಳು ಅಪಾರ ಸಂಖ್ಯೆಯಲ್ಲಿ ಓದಿದವು. ಅನೇಕ ದೇಶಗಳಲ್ಲಿ ಸಾವಿರಾರು ಸೋಂಕುಗಳಿಗೆ ಒಂದು ಜೀನೋಮ್ ಕೂಡ ಇಲ್ಲ. ನಮ್ಮಲ್ಲಿ ಹಲವು ಪ್ರಯೋಗಾಲಯಗಳನ್ನು ಜೋಡಿಸುವ ಇನ್ಸಾಕಾಗ್ ಒಕ್ಕೂಟ ರೂಪುಗೊಂಡದ್ದೇ 2020ರ ಡಿಸೆಂಬರ್‌ನಲ್ಲಿ. ಅದೂ ಅಲ್ಲದೆ, ಜಗತ್ತಿನಲ್ಲಿ ಓದಿರುವ ಜೀನೋಮ್‌ಗಳು ಕೋಟಿಯನ್ನು ದಾಟಿದ್ದರೆ ಪರದೆಯ ಮೇಲಿನ ಜಾಗತಿಕ ಮರ ತೋರಿಸುವುದು ಆಯ್ದ ಕೆಲವು ಸಾವಿರಗಳನ್ನು ಮಾತ್ರ. ಆಯ್ಕೆಯ ನಿಯಮಗಳನ್ನು ತಾಣವು ಮುಚ್ಚಿಡುವುದಿಲ್ಲ ಎಂಬುದು ಸಮಾಧಾನದ ಸಂಗತಿ, ಆದರೆ ನಕ್ಷೆಯನ್ನು ಚಲಿಸುವಂತೆ ಮಾಡುವ ಗುಂಡಿಯ ಪಕ್ಕದಲ್ಲೇ ಈ ಎಚ್ಚರಿಕೆ ದೊಡ್ಡ ಅಕ್ಷರಗಳಲ್ಲಿ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮರದ ಬುಡವನ್ನೂ ಹೀಗೆಯೇ ಎಚ್ಚರದಿಂದ ನೋಡಬೇಕು. ಆರಂಭದ ಜೀನೋಮ್‌ಗಳು 8,782 ಮತ್ತು 28,144ನೆಯ ಸ್ಥಾನಗಳ ಎರಡು ಅಕ್ಷರಗಳಿಂದ ಎ ಮತ್ತು ಬಿ ಎಂಬ ಎರಡು ಕುಲಗಳಾಗಿ ಒಡೆಯುತ್ತವೆ. ಮೊದಲು ಪ್ರಕಟವಾದ ವುಹಾನ್‌ನ ಪ್ರತಿ ಬಿ ಕುಲದ್ದು. ಆದರೆ ಬಾವಲಿಗಳಲ್ಲಿ ಸಿಕ್ಕ ಹತ್ತಿರದ ವೈರಸ್‌ಗಳೊಡನೆ ಆ ಎರಡು ಸ್ಥಾನಗಳಲ್ಲಿ ಹೊಂದುವುದು ಎ ಕುಲ. ಮೊದಲು ಸಿಕ್ಕ ಪ್ರತಿಯೇ ಅತ್ಯಂತ ಹಳೆಯ ಪಾಠ ಆಗಿರಬೇಕಿಲ್ಲ ಎಂಬುದು ಓಲೆಗರಿ ಬಲ್ಲವರಿಗೆ ತಿಳಿದ ಮಾತು. ಒಂದೇ ಮೂಲದಿಂದ ಎರಡೂ ಹುಟ್ಟಿದವೋ, ಪ್ರಾಣಿಗಳಿಂದ ಮನುಷ್ಯರಿಗೆ ಎರಡು ಸಲ ಬೇರೆ ಬೇರೆಯಾಗಿ ದಾಟಿದವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಪರದೆಯ ಮೇಲೆ ಬುಡ ಒಂದೇ ಗೆರೆಯಾಗಿ ಕಂಡ ಮಾತ್ರಕ್ಕೆ ಆ ಪ್ರಶ್ನೆ ಬಗೆಹರಿದಂತಲ್ಲ.

ಬಳಸಲು ಬಯಸುವವರಿಗೆ ಇನ್ನೆರಡು ವಿಷಯಗಳು ಉಪಯೋಗಕ್ಕೆ ಬರಬಹುದು. ಜೀಸೈಡ್ ಎಂಬ ಸಂಗ್ರಹದ ಜೀನೋಮ್‌ಗಳಿಂದ ಕಟ್ಟಿದ ಮರಗಳ ಜೊತೆಗೆ, ಎಲ್ಲರಿಗೂ ತೆರೆದಿರುವ ಜೆನ್‌ಬ್ಯಾಂಕ್ ಸಂಗ್ರಹದಿಂದ ಕಟ್ಟಿದ ಮರಗಳೂ ಇಲ್ಲಿವೆ. ಮೂಲ ದತ್ತಾಂಶವನ್ನೇ ಇಳಿಸಿಕೊಂಡು ವಿದ್ಯಾರ್ಥಿಗಳಿಂದ ಅಭ್ಯಾಸ ಮಾಡಿಸಬೇಕೆಂದರೆ ಎರಡನೆಯದನ್ನು ಆರಿಸಿಕೊಳ್ಳಿ. ತಮ್ಮದೇ ಜೀನೋಮ್ ಇರುವ ಪ್ರಯೋಗಾಲಯದವರಿಗೆ ನೆಕ್ಸ್ಟ್‌ಕ್ಲೇಡ್ ಎಂಬ ಸಹೋದರ ಸಾಧನವಿದೆ. ಅದು ಬ್ರೌಸರ್‌ನಲ್ಲೇ ಕೆಲಸ ಮಾಡುವುದರಿಂದ ರೋಗಿಯ ಮಾದರಿಯ ದತ್ತಾಂಶ ತಮ್ಮ ಗಣಕದಿಂದ ಹೊರಗೆ ಹೋಗುವುದಿಲ್ಲ, ಮತ್ತು ಓದಿನಲ್ಲಿ ದೋಷಗಳಿದ್ದರೆ ಅದು ಎತ್ತಿ ತೋರಿಸುತ್ತದೆ.

ನನಗೆ ಅತ್ಯಂತ ಪ್ರಿಯವಾದ ಭಾಗ ಕಥನಗಳು. ಎಡಗಡೆ ಬರಹ, ಬಲಗಡೆ ಮರ; ಬರಹದಲ್ಲಿ ಮುಂದೆ ಸಾಗಿದಂತೆ ಮರವೂ ಆ ಮಾತಿಗೆ ತಕ್ಕಂತೆ ತಿರುಗುತ್ತದೆ. 2020ರ ಆರಂಭದ ತಿಂಗಳುಗಳಲ್ಲಿ ತಂಡವು ಇದೇ ರೂಪದಲ್ಲಿ ಪರಿಸ್ಥಿತಿ ವರದಿಗಳನ್ನು ಹೊರಡಿಸುತ್ತಿತ್ತು, ಸ್ವಯಂಸೇವಕರು ಅವನ್ನು ಹಲವು ಭಾಷೆಗಳಿಗೆ ಅನುವಾದಿಸುತ್ತಿದ್ದರು. ಕಥನವೆಂದರೆ ಸರಳವಾದ ಪಠ್ಯದ ಕಡತ, ಆದ್ದರಿಂದ ಯಾರು ಬೇಕಾದರೂ ತಮ್ಮ ಭಾಷೆಯಲ್ಲಿ ಬರೆಯಬಹುದು. ಕಳೆದ ವರ್ಷ ನನ್ನ ಕೊನೆಯ ಸೆಮಿಸ್ಟರ್‌ನ ವಿದ್ಯಾರ್ಥಿನಿಯೊಬ್ಬಳು ಕರ್ನಾಟಕದ ಮೊದಲ ತಿಂಗಳುಗಳ ಬಗ್ಗೆ ಕನ್ನಡದಲ್ಲೇ ಇಂಥದೊಂದು ಕಥನ ಬರೆದಳು. ಮೊದಲ ಕರಡಿನಲ್ಲಿ "ಈ ವೈರಸ್ ಇರಾನ್‌ನಿಂದ ಬಂತು" ಎಂಬ ವಾಕ್ಯವಿತ್ತು. ಎರಡು ದಿನ ಮರದ ಮುಂದೆ ಕುಳಿತು, ಕೊಂಬೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ, ತಾನೇ ಅದನ್ನು ಹೊಡೆದುಹಾಕಿ ಹೀಗೆ ಬರೆದು ತಂದಳು: "ಈ ಜೀನೋಮ್ ಮತ್ತು ಇರಾನ್‌ನಿಂದ ಮರಳಿದ ಪ್ರಯಾಣಿಕರ ಜೀನೋಮ್‌ಗಳು ಒಂದೇ ಪೂರ್ವಜನಿಂದ ಇಳಿದಿವೆ, ಆ ಪೂರ್ವಜ ಎಲ್ಲಿದ್ದ ಎಂಬುದನ್ನು ತಿಳಿಯಲು ಈ ಮರದಲ್ಲಿರುವ ಚುಕ್ಕೆಗಳು ಸಾಲವು."